ಬರಿ ಗೋಡೆಗೆ ಹಸೆ ಚಿತ್ತಾರ: ಸಾವಿರದ ಹತ್ತು ರೂಪಾಯಿಯ ಲೆಕ್ಕ

ಮನೆಯಲ್ಲಿ ಮದುವೆ ಎಂದ ಕೂಡಲೇ ಮುಂಬಯಿಯಲ್ಲಿ ನಮಗೆ ಮೊದಲು ನೆನಪಾಗುವುದು ಹಾಲ್, ಆಮೇಲೆ ಮನೆಯ ಗೋಡೆ. ಊರಿನಿಂದ ನೆಂಟರು ಬರುತ್ತಾರೆ, ಬೀಗರು ಒಮ್ಮೆಯಾದರೂ ಒಳಗೆ ಕಾಲಿಡುತ್ತಾರೆ. ಹತ್ತು ವರ್ಷದಿಂದ ಬಣ್ಣ ಕಾಣದ ಗೋಡೆಯನ್ನು ಅವರಿಗೆ ತೋರಿಸುವುದು ಹೇಗೆ? ಕಳೆದ ಮೇ ತಿಂಗಳಲ್ಲಿ ಮಗಳ ಮದುವೆ ನಿಶ್ಚಯವಾದಾಗ ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತು.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಾಳಿಗೆಯ ಒಂದು ಬೆಡ್‌ರೂಮಿನ ಮನೆ. ಕಟ್ಟಡ ಹಳೆಯದು. ಅದನ್ನು ಕೆಡವಿ ಹೊಸದು ಕಟ್ಟಲು ಸೊಸೈಟಿ ಬಿಲ್ಡರನ ಜತೆ ಕರಾರು ಮಾಡಿಕೊಂಡಾಗಿದೆ. ಇಂದೋ ನಾಳೆಯೋ ನಾವು ಬಾಡಿಗೆ ಮನೆಗೆ ಹೋಗಬೇಕು. ಆದರೂ ಮದುವೆಯ ಮನೆಯಲ್ಲವೇ ಎಂದು ಒಬ್ಬ ಪೇಂಟರನನ್ನು ಕರೆಸಿ ಕೇಳಿದೆ. ಹಾಲ್ ಮತ್ತು ಒಳಕೋಣೆಗೆ ಸೇರಿ 24 ಸಾವಿರ ಎಂದ. ವರ್ಷದೊಳಗೆ ಬುಲ್‌ಡೋಜರ್ ಬರುವ ಗೋಡೆಗೆ 24 ಸಾವಿರ! ಸಂಜೆ ಕಾಲೇಜಿನಲ್ಲಿ ಓದಿ ಬಿ.ಕಾಂ. ಮಾಡಿಕೊಂಡು, ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನ್ನ ತಲೆಗೆ ಈ ಖರ್ಚು ಯಾವ ಖಾತೆಗೂ ಹೊಂದಲಿಲ್ಲ.

ಮಗಳು ಉಪಾಯ ಹೇಳಿದಳು. 'ಪಪ್ಪ, ಒಂದು ಗೋಡೆಗೆ ಮಾತ್ರ ಕೆಂಪು ಬಣ್ಣ ಕೊಟ್ಟು ವರ್ಲಿ ಸ್ಟಿಕ್ಕರ್ ಅಂಟಿಸೋಣ. ಎಲ್ಲರ ಮನೆಯಲ್ಲೂ ಇರುತ್ತದೆ.' ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದಳು. ನನ್ನ ತಾಯಿ ಕನ್ನಡಕ ಏರಿಸಿ ಅದನ್ನು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದು ನಮ್ಮ ಹಸೆ ಬರೆದ ಹಾಗೇ ಉಂಟಲ್ಲ ತಮಾ. ಕೆಂಪು ನೆಲ, ಅಕ್ಕಿ ಬಿಳಿ. ಇವರೂ ಮದುವೆಗೇ ಬರೀತಾರಾ?' ಎಂದು ಕೇಳಿದರು.

ಅವ್ವನಿಗೆ ಈಗ ಎಂಬತ್ತರ ಹತ್ತಿರ. ನಾನು ಊರು ಬಿಟ್ಟು ಇಲ್ಲಿ ನೆಲೆನಿಂತ ಮೇಲೆ ಅವರನ್ನು ಕರೆಸಿಕೊಂಡೆ. ಇಷ್ಟು ವರ್ಷಗಳಲ್ಲಿ ಅವರು ಹಸೆಯ ಮಾತೆತ್ತಿದ್ದು ಅದೇ ಮೊದಲು. ನಾವೂ ಕೇಳಿರಲಿಲ್ಲ.

ಹಸೆ ಎಂದರೆ

ಸಾಗರ, ಸೊರಬ, ಹೊಸನಗರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಗೆ ಮೊದಲು ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಮದುಮಕ್ಕಳನ್ನು ಕೂರಿಸುವುದು ಅದರ ಮುಂದೆ. ಬರೆಯುವವರು ಹೆಂಗಸರು, ಬರೆಯುವಾಗ ಹಾಡೂ ಇರುತ್ತದೆ. ಬಣ್ಣ ನಾಲ್ಕೇ: ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಅಕ್ಕಿಯನ್ನೇ ಸುಟ್ಟು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿಯ ನಾರಿನದು. ಉದ್ದ ಅಡ್ಡ ಎಳೆಗಳನ್ನು ಲೆಕ್ಕ ಹಾಕಿ ಎಳೆದು, ನಡುವೆ ತೇರು, ದಂಡಿಗೆ, ಮದುಮಕ್ಕಳು, ಹಕ್ಕಿ, ಪೈರು ಎಲ್ಲವನ್ನೂ ಕೂರಿಸುತ್ತಾರೆ. ಭೂಮಿ ಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ, ಇದೇ ಬಣ್ಣ.

ಕರಾವಳಿಯ ಬಾಂಧವರಿಗೆ ಕಾವಿ ಕಲೆ ಗೊತ್ತಿರಬಹುದು. ಉತ್ತರ ಕನ್ನಡ ಮತ್ತು ಗೋವೆಯ ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಗಾರೆಯ ಮೇಲೆ ಕಾವಿಯ ತೆಳು ಲೇಪ ಕೊಟ್ಟು, ಉಕ್ಕಿನ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಕಾಣಿಸುತ್ತಾರೆ. ಹಸೆಯಲ್ಲಿ ಕೆಂಪಿನ ಮೇಲೆ ಬಿಳಿ ಬರೆದರೆ, ಕಾವಿಯಲ್ಲಿ ಕೆಂಪನ್ನು ಕೆರೆದು ಬಿಳಿ ತೆಗೆಯುತ್ತಾರೆ. ಎರಡಕ್ಕೂ ಬೇಕಾದ ಸಾಮಾನು ಮನೆಯ ಸುತ್ತ ಸಿಗುವಂಥದ್ದೇ.

ನೆರೆಯ ವರ್ಲಿಗಳು

ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿ ನಾನೂ ಮಗಳೂ ಒಂದು ಭಾನುವಾರ ಡಹಾಣುವಿಗೆ ಹೋಗಿಬಂದೆವು. 2013ರಿಂದ ಚರ್ಚ್‌ಗೇಟಿನ ಲೋಕಲ್ ಡಹಾಣು ರೋಡ್‌ವರೆಗೂ ಓಡುತ್ತಿದೆ. ಹೌದು, ವರ್ಲಿಗಳಲ್ಲಿಯೂ ಇದು ಮದುವೆಯ ಚಿತ್ರವೇ. ಸುವಾಸಿನಿಯರು ಗೇರು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಲಗ್ನಚೌಕ ಬರೆದು, ಅದರೊಳಗೆ ಪಾಲಘಾಟ ದೇವಿಯನ್ನು ಕೂರಿಸುತ್ತಾರೆ. ಕುಂಚಕ್ಕೆ ಬಿದಿರಿನ ಕಡ್ಡಿಯ ತುದಿಯನ್ನು ಜಗಿದು ಮೆತ್ತಗೆ ಮಾಡಿಕೊಳ್ಳುತ್ತಾರೆ. ಸೊನ್ನೆ, ಮುಕ್ಕೋನ, ಚೌಕ, ಈ ಮೂರರಲ್ಲೇ ಮನುಷ್ಯ, ಮರ, ಮಳೆ, ಕುಣಿತ ಎಲ್ಲ ಬಂದುಬಿಡುತ್ತದೆ.

ಹೆಂಗಸರ ಕೈಯಲ್ಲಿ ಮದುವೆಗಷ್ಟೇ ಮೀಸಲಾಗಿದ್ದ ಈ ಚಿತ್ರವನ್ನು 1970ರ ದಶಕದಿಂದ ಕಾಗದಕ್ಕೂ ಬಟ್ಟೆಗೂ ತಂದು ಲೋಕಕ್ಕೆಲ್ಲ ತೋರಿಸಿದವರು ಡಹಾಣು ತಾಲೂಕಿನ ಜಿವ್ಯಾ ಸೋಮ ಮಾಶೆ. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಇಂದು ಪಾಲ್ಘರ್ ಜಿಲ್ಲೆಯ ಎಷ್ಟೋ ಮನೆಗಳಿಗೆ ಈ ಚಿತ್ರವೇ ಅನ್ನ. ಹಾಗಾಗಿ ಕಾರ್ಖಾನೆಯಲ್ಲಿ ಅಚ್ಚಾದ ಸ್ಟಿಕ್ಕರನ್ನು ಮಗಳು ತಾನಾಗಿಯೇ ಬೇಡವೆಂದಳು. ಅಲ್ಲಿ ಬರೆದವರ ಕೈಯಿಂದಲೇ ಒಂದು ಸಣ್ಣ ಚಿತ್ರ ಕೊಂಡೆವು. ಅದರ ದುಡ್ಡು ಕೆಳಗಿನ ಲೆಕ್ಕದಲ್ಲಿ ಸೇರಿಲ್ಲ.

ರೈಲಿನಲ್ಲಿ ಬರುವಾಗ ಮಗಳು ಕೇಳಿದಳು: 'ಅಜ್ಜಿಗೆ ಬರೆಯಲು ಬರುತ್ತದೆಯೇ?' ನನಗೆ ಉತ್ತರ ಗೊತ್ತಿರಲಿಲ್ಲ.

ಮೊದಲ ಸಲ ಕೆಟ್ಟಿತು

ಬರುತ್ತದೆ ಎಂದು ಅವ್ವ ಒಪ್ಪಿದರು. ನಮ್ಮ ಅವಸರಕ್ಕೆ ಹಾಲಿನ ಹಳೆಯ ಪ್ಲಾಸ್ಟಿಕ್ ಪೇಂಟಿನ ಮೇಲೆಯೇ ಕಾವಿ ಕಲಸಿ ಬಳಿದೆವು, ಅಕ್ಕಿ ಅರೆದು ಒಂದು ಅಂಚು ಬರೆದೆವು. ಮೂರನೇ ದಿನ ಹಪ್ಪಳದಂತೆ ಬಿರುಕು ಬಿಟ್ಟು ನೆಲಕ್ಕೆ ಉದುರಿತು. ಉಳಿದದ್ದನ್ನು ರಾತ್ರಿ ಜಿರಳೆಗಳು ತಿಂದವು. ಹೆಂಡತಿ ಪೊರಕೆ ಹಿಡಿದುಕೊಂಡೇ, 'ಪೇಂಟರನಿಗೆ ಫೋನ್ ಮಾಡಿ' ಎಂದಳು.

ತಪ್ಪು ಎಲ್ಲಿ ಆಯಿತೆಂದು ಯೋಚಿಸಿದಾಗ ತಿಳಿಯಿತು. ಊರಿನ ಮಣ್ಣಿನ ಗೋಡೆ ನೀರು ಕುಡಿಯುತ್ತದೆ. ಬಣ್ಣ ಅದರ ಒಳಗೆ ಇಳಿದು ಹಿಡಿದುಕೊಳ್ಳುತ್ತದೆ. ನಮ್ಮ ಇಲ್ಲಿನ ಆಯಿಲ್ ಪೇಂಟು, ಪ್ಲಾಸ್ಟಿಕ್ ಪೇಂಟಿನ ಗೋಡೆ ನೀರು ಕುಡಿಯುವುದಿಲ್ಲ. ಬಣ್ಣ ಮೇಲೆಯೇ ಕುಳಿತು, ಒಣಗಿ, ಕಳಚಿಕೊಳ್ಳುತ್ತದೆ. ಎರಡನೇ ಸಲ ಮಾಡಿದ ಕ್ರಮವನ್ನು, ಬೇಕಾದವರಿಗೆ ಉಪಯೋಗವಾಗಲೆಂದು, ಸಾಲಾಗಿ ಬರೆಯುತ್ತೇನೆ.

ಮೊದಲು ಗೋಡೆಯನ್ನು ಆರಿಸಿ. ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಯಾದರೆ ಅಲ್ಲಿ ಏನನ್ನೂ ಬರೆಯಬೇಡಿ, ಮೊದಲು ಸೋರುವುದನ್ನು ನಿಲ್ಲಿಸಿ. ಬಿಸಿಲು ನೇರವಾಗಿ ಬೀಳುವ ಗೋಡೆಯೂ ಬೇಡ. ಇಡೀ ಗೋಡೆ ಬೇಕಾಗಿಲ್ಲ. ನಾವು ಆರಿಸಿದ್ದು ಎಂಟು ಅಡಿ ಅಗಲ, ಐದು ಅಡಿ ಎತ್ತರದ ಜಾಗ. ಸುತ್ತಲಿನ ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಗೆಯೇ ಬಿಟ್ಟೆವು. ನಡುವೆ ಕೆಂಪು ಬಂದ ಮೇಲೆ ಉಳಿದದ್ದು ಹಳತೆಂದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಜಾಗವನ್ನು ಪಾಲಿಶ್ ಪೇಪರಿನಲ್ಲಿ ಹೊಳಪು ಹೋಗುವವರೆಗೆ ತಿಕ್ಕಿ, ಧೂಳು ಒರೆಸಿ, ಒಂದು ದಿನ ಒಣಗಲು ಬಿಡಿ. ತಿಕ್ಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಆದ್ದರಿಂದ ಅದನ್ನು ಒಣದಾಗಿ ತಿಕ್ಕದೆ ನೀರು ಹಚ್ಚಿ ತಿಕ್ಕುವುದು ಒಳ್ಳೆಯದು, ಮಕ್ಕಳನ್ನು ದೂರವಿಡಿ.

ಕಾವಿ ಮಣ್ಣು ಇಲ್ಲಿ 'ಗೇರು' ಎಂಬ ಹೆಸರಿನಲ್ಲಿ ಪೂಜಾ ಸಾಮಾನಿನ ಅಂಗಡಿಯಲ್ಲಿಯೂ, ಗಿಡದ ಕುಂಡ ಮಾರುವವರಲ್ಲಿಯೂ ಸಿಗುತ್ತದೆ. ಅದನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಒಂದು ಕಿಲೊ ಮಣ್ಣಿಗೆ ಕಾಲು ಕಿಲೊದಷ್ಟು ಬಡಗಿಗಳು ಬಳಸುವ ಬಿಳಿ ಅಂಟನ್ನು ಸೇರಿಸಿ, ಮಜ್ಜಿಗೆಗಿಂತ ಗಟ್ಟಿಯಾಗಿ ಕಲಸಿಕೊಳ್ಳಿ. ಮೂಲೆಯಲ್ಲಿ ಒಂದು ಗೇಣು ಬಳಿದು, ಒಣಗಿದ ಮೇಲೆ ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಕೆಂಪು ಹತ್ತಿದರೆ ಅಂಟು ಸಾಲದು, ಗೋಡೆ ಮಿನುಗಿದರೆ ಅಂಟು ಹೆಚ್ಚಾಯಿತು. ಸರಿಯಾದ ಮೇಲೆ ಎರಡು ಸಲ ತೆಳ್ಳಗೆ ಬಳಿಯಿರಿ.

ಬಿಳಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ ನುಣ್ಣಗೆ ಅರೆದು ಸೋಸಬೇಕು. ಅಂದು ಅರೆದದ್ದು ಅಂದೇ ಖರ್ಚಾಗಬೇಕು, ಮರುದಿನಕ್ಕೆ ಹುಳಿ ಬರುತ್ತದೆ. ಇದಕ್ಕೂ ಎರಡು ಚಮಚ ಅಂಟು ಬೇಕು. ನೆಲದ ಹತ್ತಿರದ ಅಂಚಿಗೆ ಮಾತ್ರ ಅಕ್ಕಿ ಬಿಟ್ಟು ಅಂಗಡಿಯ ಬಿಳಿ ಅಕ್ರಿಲಿಕ್ ಬಳಸಿದೆವು. ಜಿರಳೆಗಳು ಅದರ ತಂಟೆಗೆ ಬರಲಿಲ್ಲ. ಹಳದಿಗೆ ಗುರಿಗೆ ಸಿಗಲಿಲ್ಲ. ಅರಿಸಿನ ಸುಲಭವೆಂದು ಹಚ್ಚಬೇಡಿ. ಬೆಳಕಿಗೆ ಅದು ಮಾಸುತ್ತದೆ, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಬಣ್ಣದ ಅಂಗಡಿಯ ಹಳದಿ ಮಣ್ಣು ಸಾಕು.

ಇನ್ನು ಕುಂಚ. ಪುಂಡಿ ನಾರಿಗೆ ಮುಂಬಯಿಯಲ್ಲಿ ಎಲ್ಲಿಗೆ ಹೋಗುವುದು? ಉತ್ತರ ನಮ್ಮ ಮಾರ್ಕೆಟಿನಲ್ಲೇ ಇತ್ತು. ಮರಾಠಿಯವರ ಅಂಬಾಡಿ ಸೊಪ್ಪೇ ನಮ್ಮ ಪುಂಡಿ. ದಪ್ಪ ದಂಟಿನ ಐದು ಕಟ್ಟು ತಂದು, ಸೊಪ್ಪು ಪಲ್ಯಕ್ಕೆ ತೆಗೆದು, ದಂಟನ್ನು ಬಕೆಟಿನಲ್ಲಿ ನೆನೆಹಾಕಿದೆವು. ವಾರ ಕಳೆಯುವಷ್ಟರಲ್ಲಿ ಬಾಲ್ಕನಿಯಿಂದ ಬಂದ ವಾಸನೆಗೆ ಕೆಳಗಿನ ಮನೆಯವರು ಸೆಕ್ರೆಟರಿಗೆ ದೂರು ಕೊಟ್ಟರು. ಹತ್ತನೇ ದಿನ ಸಿಪ್ಪೆ ಬಿಟ್ಟಿತು. ಅವ್ವ ಅದನ್ನು ತೊಳೆದು, ಒಣಗಿಸಿ, ತುದಿಯನ್ನು ಜಜ್ಜಿ, ಬೆರಳುದ್ದದ ನಾಲ್ಕು ಕುಂಚ ಕಟ್ಟಿದರು. ಇಷ್ಟು ತಾಪತ್ರಯ ಬೇಡವೆಂದರೆ ತೆಂಗಿನ ನಾರು, ಗೋಣಿಯ ಎಳೆ ಯಾವುದಾದರೂ ನಡೆಯುತ್ತದೆ.

ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ಎಲ್ಲ ಸಿದ್ಧವಾದ ಮೇಲೆ ನಿಜವಾದ ಕಷ್ಟ ಎದುರಾಯಿತು. ಅವ್ವನ ಕೈ ನಡುಗುತ್ತದೆ. ಎರಡು ಗೇಣು ಎಳೆಯುವುದರೊಳಗೆ ಗೆರೆ ಸೊಟ್ಟಗಾಗುತ್ತದೆ. 'ನೀವು ಹೇಳಿ ಅಜ್ಜಿ, ನಾನು ಬರೆಯುತ್ತೇನೆ' ಎಂದಳು ಮಗಳು. ಅವ್ವನಿಗೆ ಹೇಳಲು ಬರಲಿಲ್ಲ. ಎಷ್ಟು ಎಳೆ, ಎಲ್ಲಿ ತಿರುವು, ಯಾವುದರ ಮೇಲೆ ಯಾವುದು ಎಂದು ಕೇಳಿದರೆ ಪರೀಕ್ಷೆಗೆ ಕೂತವರ ಹಾಗೆ ಮುಖ ಮಾಡಿದರು. ಅವರಿಗೆ ಅದು ಕೈಯಲ್ಲಿತ್ತು, ಮಾತಿನಲ್ಲಿ ಇರಲಿಲ್ಲ.

ಹೆಂಡತಿಗೆ ಹೊಳೆಯಿತು. ನೆಲದ ಮೇಲೆ ತೆಳ್ಳಗೆ ಅಕ್ಕಿಹಿಟ್ಟು ಹರವಿ, ಅವ್ವನನ್ನು ಅದರ ಮುಂದೆ ಕೂರಿಸಿದಳು. ಬೆರಳು ಹಿಟ್ಟಿಗೆ ತಾಗಿದ್ದೇ ತಡ, ಕೈ ತಾನಾಗಿ ಓಡಿತು. ಸೊಟ್ಟಗಿದ್ದರೇನು, ಲೆಕ್ಕ ತಪ್ಪಲಿಲ್ಲ. ಮಗಳು ಮೊಬೈಲಿನಲ್ಲಿ ಫೋಟೊ ತೆಗೆದಳು. ನಾನು ಗ್ರಾಫ್ ಪುಸ್ತಕ ತಂದು ಚೌಕ ಎಣಿಸಿ ಅದನ್ನು ಕಾಗದಕ್ಕೆ ಇಳಿಸಿದೆ. ಮೂವತ್ತು ವರ್ಷ ಅಂಕಿ ಕೂಡಿಸಿದ್ದು ಮನೆಗೆ ಉಪಯೋಗವಾದದ್ದು ಅಂದೇ. ಹನ್ನೊಂದು ಸಂಜೆ ಇದೇ ನಡೆಯಿತು. ಆಮೇಲೆ ಬಣ್ಣದಲ್ಲಿ ಅದ್ದಿದ ದಾರವನ್ನು ಬಡಗಿಯ ಹಾಗೆ ಎಳೆದು ಬಿಟ್ಟು ಗೋಡೆಯ ಮೇಲೆ ಗೆರೆ ಹಾಕಿಕೊಂಡೆವು. ಅದರ ಮೇಲೆ ಮಗಳು ಬರೆದಳು. ಸೂಕ್ಷ್ಮವಾದ ಕಡೆ ಅವ್ವ ಅವಳ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ನಡುಗುವ ಕೈಯೂ ನಡುಗದ ಕೈಯೂ ಸೇರಿದಾಗ ಗೆರೆ ನೇರ ಬಂತು.

ಆ ಸಂಜೆಗಳಲ್ಲೇ ಅವ್ವ ತಮ್ಮ ತವರಿನ ಗೋಡೆಯ ಮಾತು ಆಡಿದ್ದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ಕಡೆಯ ಎಷ್ಟೋ ಊರುಗಳ ಜತೆ ಅವರ ತವರೂ ನೀರಿನೊಳಗೆ ಹೋಯಿತು. ಅವರಿಗಾಗ ಹದಿಹರೆಯ. ಹಿಂದಿನ ವರ್ಷವಷ್ಟೇ ಅಕ್ಕನ ಮದುವೆಗೆಂದು ತಾಯಿ, ಮಗಳು ಸೇರಿ ಹಸೆ ಬರೆದಿದ್ದರಂತೆ. ಮನೆ ಬಿಡುವ ದಿನ ಪಾತ್ರೆ, ದನ, ಬಾಗಿಲಿನ ಮರ ಎಲ್ಲ ಗಾಡಿಗೆ ಏರಿತು. 'ಗೋಡೆ ಮಾತ್ರ ತರಲಿಕ್ಕಾಗಲಿಲ್ಲ' ಎಂದರು ಅವ್ವ. ಬೇರೇನೂ ಹೇಳಲಿಲ್ಲ.

ಕೆಡವುವ ಗೋಡೆಯ ಮೇಲೆ ಇಷ್ಟೆಲ್ಲ ಏಕೆ, ಪ್ಲೈವುಡ್ ಮೇಲೆ ಬರೆದರೆ ಹೊಸ ಮನೆಗೆ ಒಯ್ಯಬಹುದಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಅವ್ವ ಒಪ್ಪಿರಲಿಲ್ಲ. ಹಸೆಯನ್ನು ಯಾರೂ ಕಾದಿಡುವುದಿಲ್ಲ, ಮುಂದಿನ ಮದುವೆಗೆ ಹಳತರ ಮೇಲೆ ಕೆಮ್ಮಣ್ಣು ಸಾರಿಸಿ ಹೊಸತು ಬರೆಯುತ್ತಾರೆ ಎಂದಿದ್ದರು. ಆಗ ನನಗೆ ಅದು ಹಟವೆಂದು ಕಂಡಿತ್ತು.

ಖಾಲಿ ಉಳಿದ ಮೂಲೆ

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಮೇಲಿನ ಬಲಗಡೆಯ ಮೂಲೆಯ ಚಿತ್ತಾರ ಅವ್ವನಿಗೆ ನೆನಪಾಗಲಿಲ್ಲ. ಅದನ್ನು ಬರೆಯುತ್ತಿದ್ದವರು ಅವರ ಅಕ್ಕ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಊರಿಗೆ ಫೋನ್ ಮಾಡಿ ಕೇಳಿದೆವು. ಸೊಸೆಯಂದಿರಿಗೆ ಗೊತ್ತಿಲ್ಲ. ನೆಂಟರೊಬ್ಬರು ಬೇರೆ ಮನೆಯ ಹಸೆಯ ಫೋಟೊ ಕಳಿಸಿದರು. ಚೆನ್ನಾಗಿಯೇ ಇತ್ತು. ಅವ್ವ ನೋಡಿ, 'ಇದು ನಮ್ಮನೇದಲ್ಲ' ಎಂದರು. ಹಿಟ್ಟಿನ ಮೇಲೆ ನಾಲ್ಕು ಸಂಜೆ ಬೆರಳು ಆಡಿಸಿದರೂ ಕೈ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಕೊನೆಗೆ ಆ ಮೂಲೆಗೆ ಅಂಚು ಮಾತ್ರ ಬರೆದು, ಒಳಗೆ ಕೆಂಪನ್ನು ಹಾಗೆಯೇ ಬಿಟ್ಟೆವು.

ಮದುವೆಯ ಹಿಂದಿನ ದಿನ ಮಗಳನ್ನು ಅದರ ಮುಂದೆ ಕೂರಿಸಿ ಅರಿಸಿನ ಹಚ್ಚಿದರು. ಬೀಗರ ಕಡೆಯ ಹಿರಿಯರೊಬ್ಬರು ಗೋಡೆಯನ್ನು ಬಹಳ ಹೊತ್ತು ನೋಡಿ, 'ಆ ಮೂಲೆ ಏಕೆ ಖಾಲಿ? ಬಣ್ಣ ಸಾಲದಾಯಿತೇ?' ಎಂದು ಕೇಳಿದರು. ಬಣ್ಣ ಇನ್ನೂ ಅರ್ಧ ಬಕೆಟ್ ಉಳಿದಿತ್ತು. ನಾನು ಏನೋ ಹೇಳಿ ಮಾತು ತಿರುಗಿಸಿದೆ.

ಲೆಕ್ಕ

ಖರ್ಚು ಹೀಗಿದೆ: ಕಾವಿ ಎರಡು ಕಿಲೊ 120, ಅಂಟು ಅರ್ಧ ಕಿಲೊ 150, ಪಾಲಿಶ್ ಪೇಪರ್ 90, ಹಳದಿ ಮಣ್ಣು 60, ಅಗಲದ ಬ್ರಷ್ ಎರಡು 140, ಅಂಬಾಡಿ ಐದು ಕಟ್ಟು 100, ಬಿಳಿ ಅಕ್ರಿಲಿಕ್ 240, ಅಕ್ಕಿ ಒಂದು ಕಿಲೊ 60, ಗ್ರಾಫ್ ಪುಸ್ತಕ 50. ಒಟ್ಟು 1,010 ರೂಪಾಯಿ. ಪಲ್ಯವಾದ ಸೊಪ್ಪನ್ನು ಜಮಾ ಹಿಡಿದರೆ ಇನ್ನೂ ಕಡಿಮೆ.

ಬಾಡಿಗೆ ಮನೆಯಲ್ಲಿರುವವರು ಮಾಲೀಕರನ್ನು ಕೇಳದೆ ಗೋಡೆಗೆ ಕೈ ಹಚ್ಚಬೇಡಿ, ಡಿಪಾಸಿಟ್‌ನಿಂದ ಕಳೆಯುತ್ತಾರೆ. ನಿಮಗೆ ಪ್ಲೈವುಡ್ ಅಥವಾ ದಪ್ಪ ಖಾದಿ ಬಟ್ಟೆಯೇ ಸರಿ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸಿದರೂ ಸುತ್ತಿಕೊಂಡು ಹೋಗಬಹುದು. ಮನೆಯ ಹೊರಗಿನ ಪ್ಯಾಸೇಜಿನ ಗೋಡೆ ಸೊಸೈಟಿಯದು, ಅದಕ್ಕೆ ಕಮಿಟಿಯ ಒಪ್ಪಿಗೆ ಬೇಕು. ಕೈ ಪಳಗದವರು ಮೊದಲು ಬಾಗಿಲಿನ ಸುತ್ತ ಒಂದು ಅಂಚು ಬರೆದು ನೋಡಿ. ಎರಡು ಸಾಲು ಗೆರೆ, ನಡುವೆ ಚುಕ್ಕಿ, ಇಷ್ಟೇ ಸಾಕು. ಏಪ್ರಿಲ್, ಮೇ ತಿಂಗಳು ಒಳ್ಳೆಯದು, ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಹಿಡಿದರೆ ಬೂಸು ಬರುತ್ತದೆ.

ಸಂಘಗಳಿಗೊಂದು ವಿನಂತಿ

ರೇಖೆಯ ವಿಷಯದಲ್ಲಿ ಮುಂಬಯಿ ಕನ್ನಡಿಗರು ಬಡವರಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1996ರಲ್ಲಿ ತೀರಿಕೊಳ್ಳುವವರೆಗೂ ಈ ನಗರದಲ್ಲಿದ್ದು ಬರೆದರು. ಕೆಲವೇ ಗೆರೆಗಳಲ್ಲಿ ಯಕ್ಷಗಾನದ ಕುಣಿತವನ್ನೂ ನೃತ್ಯದ ಲಯವನ್ನೂ ಹಿಡಿದವರು ಅವರು. ಅಂಥವರ ಹೆಸರನ್ನು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಆದರೆ ನಮ್ಮದೇ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಟಿ.ವಿ. ನೋಡುತ್ತ ಕುಳಿತ ಅಜ್ಜಿಯ ಕೈಯಲ್ಲಿ ಏನಿದೆ ಎಂದು ಕೇಳಿರುವುದಿಲ್ಲ.

ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ವರ್ಷಕ್ಕೊಮ್ಮೆ ರಂಗೋಲಿ ಸ್ಪರ್ಧೆ ನಡೆಸುತ್ತವೆ, ಬಹುಮಾನ ಕೊಡುತ್ತವೆ. ಸಂತೋಷ. ಅದರ ಜತೆಗೆ ಒಂದು ಭಾನುವಾರ ಎಪ್ಪತ್ತು ದಾಟಿದ ತಾಯಂದಿರನ್ನು ಮಾತ್ರ ಕರೆದು, ಎದುರಿಗೆ ಒಂದೊಂದು ತಟ್ಟೆ ಅಕ್ಕಿಹಿಟ್ಟು ಇಟ್ಟು ಸುಮ್ಮನೆ ಬಿಟ್ಟರೆ ಹೇಗೆ? ಹಸೆ, ಶೇಡಿ, ಹೊಸ್ತಿಲ ಚಿತ್ತಾರ, ತುಳಸಿಕಟ್ಟೆಯ ಬರಹ, ಯಾರ ಕೈಯಿಂದ ಏನು ಬರುತ್ತದೋ ನೋಡೋಣ. ಮಕ್ಕಳು ಮೊಬೈಲಿನಲ್ಲಿ ಹಿಡಿಯಲಿ, ಗ್ರಾಫ್ ಪುಸ್ತಕಕ್ಕೆ ಇಳಿಸಲು ನಾನು ಬರುತ್ತೇನೆ. ಸ್ಪರ್ಧೆ ಬೇಡ, ಬಹುಮಾನವೂ ಬೇಡ. ಚಹಾ, ಅವಲಕ್ಕಿ ಸಾಕು. ಆದರೆ ಮುಂದಿನ ವರ್ಷಕ್ಕೆಂದು ಮುಂದೂಡಬೇಡಿ. ನಮ್ಮ ಮನೆಯ ಒಂದು ಮೂಲೆ ಹಾಗೆ ಮುಂದೂಡಿಯೇ ಹೋಯಿತು.

ಬಿಲ್ಡರನ ನೋಟೀಸು ಇನ್ನೂ ಬಂದಿಲ್ಲ. ಬಂದ ದಿನ ಪಾತ್ರೆ, ಕಪಾಟು, ದೇವರ ಫೋಟೊ ಟೆಂಪೊ ಹತ್ತುತ್ತವೆ. ಗೋಡೆ ಇಲ್ಲೇ ಉಳಿಯುತ್ತದೆ. ಗ್ರಾಫ್ ಪುಸ್ತಕ ಮಾತ್ರ ಈಗಾಗಲೇ ಮನೆ ಬಿಟ್ಟಿದೆ. ಮಗಳು ಗಂಡನ ಮನೆಗೆ ಹೋಗುವಾಗ ಅದನ್ನೂ, ಉಳಿದ ಎರಡು ಪುಂಡಿ ಕುಂಚವನ್ನೂ ಕೇಳಿ ತೆಗೆದುಕೊಂಡು ಹೋದಳು. ಕಳೆದ ವಾರ ಫೋನಿನಲ್ಲಿ ಅಜ್ಜಿಯ ಜತೆ ಬಹಳ ಹೊತ್ತು ಮಾತಾಡಿದಳು. ಏನೆಂದು ಕೇಳಿದೆ. 'ಗೋಡೆಗೆ ಮೊದಲು ಪಾಲಿಶ್ ಪೇಪರ್ ಹಚ್ಚಬೇಕಾ ಅಂತ ಕೇಳಿದಳು' ಎಂದರು ಅವ್ವ.